ಕೌಂಟಿ ಶೆರಿಫ್ ವೇತನ ಕಾಯಿದೆಗಳು (ಅಲಬಾಮಾ)

ಅಮೆರಿಕದ ಅಲಬಾಮಾ ರಾಜ್ಯದ 67 ಕೌಂಟಿಗಳಲ್ಲಿ ಶೆರಿಫ್ ಎಂದರೆ ಮತದಾರರು ನಾಲ್ಕು ವರ್ಷಕ್ಕೆ ಆರಿಸುವ ಕಾನೂನುಪಾಲನಾ ಅಧಿಕಾರಿ. ಕೌಂಟಿ ಜೈಲಿನ ಹೊಣೆಯೂ ಆತನದೇ. ಸಂಬಳ ಕೌಂಟಿ ಖಜಾನೆಯಿಂದ ಸಂದಾಯವಾದರೂ, ಆಯಾ ಕೌಂಟಿಗೆ ಸೀಮಿತವಾದ ಸ್ಥಳೀಯ ಕಾಯಿದೆಗಳ ಮೂಲಕ ಅದರ ಮೊತ್ತವನ್ನು ಗೊತ್ತುಪಡಿಸುತ್ತ ಬಂದದ್ದು ರಾಜ್ಯ ಶಾಸನಸಭೆ. 1901ರ ಸಂವಿಧಾನದ 106ನೇ ವಿಧಿಯಂತೆ, ಇಂಥ ಮಸೂದೆಯ ಸಾರವನ್ನು ಮಂಡನೆಗೆ ಮುಂಚೆ ಸತತ ನಾಲ್ಕು ವಾರ ಸ್ಥಳೀಯವಾಗಿ ಪ್ರಕಟಿಸಬೇಕಿತ್ತು.

ತೀರ್ಮಾನ ರಾಜಧಾನಿ ಮಾಂಟ್ಗೊಮೆರಿಯದು, ಖರ್ಚು ಕೌಂಟಿಯದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಬಹಿರಂಗವಾಗಿ ನಿಗದಿಯಾದ ಸಂಬಳಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಕಾನೂನು ಅಸ್ಪಷ್ಟವಾಗಿ ಬಿಟ್ಟ ಆದಾಯ. ಕೈದಿಯೊಬ್ಬನ ದಿನದ ಊಟಕ್ಕೆ ರಾಜ್ಯ 1.75 ಡಾಲರ್ ಕೊಡುತ್ತಿತ್ತು; ಖರ್ಚಾಗದೆ ಉಳಿದದ್ದನ್ನು ಹಲವು ಶೆರಿಫರು ಸ್ವಂತಕ್ಕೆ ಇಟ್ಟುಕೊಂಡರು. ಇದು ಮಿತವ್ಯಯಕ್ಕೆ ಪ್ರೋತ್ಸಾಹ ಎಂಬ ಸಮರ್ಥನೆ ನಿಲ್ಲುವುದಿಲ್ಲ: ಉಳಿತಾಯವಾದದ್ದು ಕೈದಿಯ ತಟ್ಟೆಯಿಂದ. ಕೈದಿಗಳಿಗೆ ಸಾಕಷ್ಟು ಊಟ ಕೊಡದೆ ಹೀಗೆ ಹಣ ಉಳಿಸಿಕೊಂಡ ಮಾರ್ಗನ್ ಕೌಂಟಿಯ ಶೆರಿಫನನ್ನು 2009ರಲ್ಲಿ ಫೆಡರಲ್ ನ್ಯಾಯಾಧೀಶರು ನ್ಯಾಯಾಂಗ ನಿಂದನೆಗಾಗಿ ಬಂಧನಕ್ಕೆ ಕಳಿಸಿದರು. 2019ರ ಕಾಯಿದೆ ದರವನ್ನು 2.25 ಡಾಲರಿಗೆ ಏರಿಸಿ, ಊಟದ ಹಣಕ್ಕೆ ಪ್ರತ್ಯೇಕ ಖಾತೆಯನ್ನು ಕಡ್ಡಾಯಗೊಳಿಸಿತು. ಆದ್ದರಿಂದ ವೇತನ ಕಾಯಿದೆಯ ನಿಜವಾದ ಒರೆಗಲ್ಲು ಮೊತ್ತವಲ್ಲ. ಶೆರಿಫನಿಗೆ ಸಲ್ಲುವುದೆಲ್ಲ ಅದರಲ್ಲೇ ನಮೂದಾಗಿದೆಯೇ ಎಂಬುದು.