ವಾಹನಗಳ ಸಾಮರ್ಥ್ಯ ಸೂಚಿಸುವ ಮಾನಗಳು ಹಾಗೂ ಅವುಗಳ ಪರಿವರ್ತನೆ: ಸಾರ್ವಜನಿಕರಿಗೆ ಮಾಹಿತಿ

ವಾಹನ ನೋಂದಣಿಗೆ ಸಲ್ಲಿಸುವ ನಮೂನೆ-20ರಲ್ಲಿ ಇಂಜಿನ್ನಿನ ಅಶ್ವಶಕ್ತಿ, ಘನ ಸಾಮರ್ಥ್ಯ ಹಾಗೂ ತೂಕವನ್ನು ನಮೂದಿಸಬೇಕಾಗಿರುತ್ತದೆ. ಆದರೆ ಮಾರಾಟಗಾರರ ಪತ್ರಗಳಲ್ಲಿ ಒಂದೇ ಸಾಮರ್ಥ್ಯವನ್ನು ಬೇರೆ ಬೇರೆ ಮಾನಗಳಲ್ಲಿ ನೀಡಿರುವುದುಂಟು. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಗಾಡು ರಸ್ತೆಗಳಲ್ಲಿ ಕಾಫಿ, ಮೆಣಸು ಮುಂತಾದ ಸರಕು ಸಾಗಿಸಲು ವಾಹನ ಕೊಳ್ಳುವವರು ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

1. ಮಾನಗಳ ಅರ್ಥ

ಶಕ್ತಿ: ಇಂಜಿನ್ ಕೆಲಸ ಮಾಡುವ ದರ. ಇದರ ಅಧಿಕೃತ ಮೆಟ್ರಿಕ್ ಮಾನ ಕಿಲೋವ್ಯಾಟ್. ಬಿ.ಎಚ್.ಪಿ. ಮತ್ತು ಪಿ.ಎಸ್. ಎರಡನ್ನೂ ಅಶ್ವಶಕ್ತಿ ಎಂದೇ ಕರೆಯಲಾಗುತ್ತದೆಯಾದರೂ ಅವು ಒಂದೇ ಅಲ್ಲ.

ಟಾರ್ಕ್: ಇಂಜಿನ್ನಿನ ತಿರುಗಿಸುವ ಬಲ. ಇದರ ಮಾನ ನ್ಯೂಟನ್ ಮೀಟರ್.

ಘನ ಸಾಮರ್ಥ್ಯ (ಸಿ.ಸಿ.): ಸಿಲಿಂಡರುಗಳ ಗಾತ್ರವೇ ಹೊರತು ಶಕ್ತಿಯಲ್ಲ. 1 ಲೀಟರ್ ಎಂದರೆ 1,000 ಸಿ.ಸಿ.

2. ಪರಿವರ್ತನೆ

- 1 ಬಿ.ಎಚ್.ಪಿ. = 0.7457 ಕಿಲೋವ್ಯಾಟ್
- 1 ಪಿ.ಎಸ್. = 0.7355 ಕಿಲೋವ್ಯಾಟ್
- 1 ಕಿಲೋಗ್ರಾಂ ಮೀಟರ್ (ಟಾರ್ಕ್) = 9.81 ನ್ಯೂಟನ್ ಮೀಟರ್
- 1 ಮೈಲಿ = 1.609 ಕಿ.ಮೀ.
- 100 ಕಿ.ಮೀ.ಗೆ ಬೇಕಾಗುವ ಇಂಧನ (ಲೀಟರ್) = 100 ÷ ಪ್ರತಿ ಲೀಟರಿಗೆ ಓಡುವ ಕಿ.ಮೀ.

ಉದಾಹರಣೆ: 75 ಪಿ.ಎಸ್., 74 ಬಿ.ಎಚ್.ಪಿ. ಮತ್ತು 55.2 ಕಿಲೋವ್ಯಾಟ್ ಇವು ಮೂರೂ ಬಹುತೇಕ ಒಂದೇ ಶಕ್ತಿಯನ್ನು ಸೂಚಿಸುತ್ತವೆ. ಆದುದರಿಂದ ಮಾನವನ್ನು ನಮೂದಿಸದ ಅಂಕಿಯನ್ನು ಹೋಲಿಕೆಗೆ ಬಳಸಬಾರದು.

3. ಘಟ್ಟದ ರಸ್ತೆಯಲ್ಲಿ ಗಮನಿಸಬೇಕಾದ ಅಂಶಗಳು

ಪ್ರತಿ 20 ಮೀಟರಿಗೆ 1 ಮೀಟರ್ ಏರುವ ರಸ್ತೆಯಲ್ಲಿ ಸರಕು ಸೇರಿ 2,500 ಕಿ.ಗ್ರಾಂ. ತೂಗುವ ವಾಹನವು ಗಂಟೆಗೆ 36 ಕಿ.ಮೀ. ವೇಗದಲ್ಲಿ ಏರಲು, ಏರಿಗಾಗಿಯೇ ಚಕ್ರಗಳಲ್ಲಿ ಸುಮಾರು 12.3 ಕಿಲೋವ್ಯಾಟ್ ಶಕ್ತಿ ಬೇಕು. ತೂಕವು 3,000 ಕಿ.ಗ್ರಾಂ.ಗೆ ಹೆಚ್ಚಿದಲ್ಲಿ 14.7 ಕಿಲೋವ್ಯಾಟ್ ಬೇಕಾಗುತ್ತದೆ. ಗಾಳಿ ಮತ್ತು ಟೈರಿನ ಪ್ರತಿರೋಧಕ್ಕೆ ಬೇಕಾಗುವ ಶಕ್ತಿ ಇದಕ್ಕೆ ಹೊರತು.

ಸಕಲೇಶಪುರ ಪಟ್ಟಣವು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಟರ್ಬೋಚಾರ್ಜರ್ ಇಲ್ಲದ ಇಂಜಿನ್ನಿನ ಶಕ್ತಿಯು ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇ. 1ರಷ್ಟು ಕುಗ್ಗುವುದರಿಂದ, ಪತ್ರದಲ್ಲಿರುವ ಪೂರ್ಣ ಶಕ್ತಿಯನ್ನು ಇಲ್ಲಿ ನಿರೀಕ್ಷಿಸಲಾಗದು.

ಟಾರ್ಕಿನ ಜೊತೆಗೆ ಅದು ನಿಮಿಷಕ್ಕೆ ಎಷ್ಟು ಸುತ್ತುಗಳಲ್ಲಿ ದೊರೆಯುತ್ತದೆ ಎಂಬುದನ್ನೂ ಪರಿಶೀಲಿಸತಕ್ಕದ್ದು. ಸಮಾನ ಶಕ್ತಿಯ ಎರಡು ವಾಹನಗಳಲ್ಲಿ, ಕಡಿಮೆ ಸುತ್ತುಗಳಲ್ಲಿ ಹೆಚ್ಚು ಟಾರ್ಕ್ ನೀಡುವುದು ಭಾರ ಹೊತ್ತು ಏರಿನಲ್ಲಿ ಹೊರಡಲು ಅನುಕೂಲಕರ.

ಇಂಜಿನ್ ಎಷ್ಟೇ ಶಕ್ತಿಯುತವಾಗಿದ್ದರೂ ನೋಂದಣಿ ಪ್ರಮಾಣಪತ್ರದಲ್ಲಿರುವ ಒಟ್ಟು ತೂಕವನ್ನು ಮೀರುವಂತಿಲ್ಲ. ಏರಿನಲ್ಲಿ ಎಳೆದ ವಾಹನವನ್ನು ಇಳಿಜಾರಿನಲ್ಲಿ ಬ್ರೇಕ್ ತಡೆಯಬೇಕಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿಯಂತಹ ದೀರ್ಘ ಇಳಿಜಾರಿನಲ್ಲಿ ಮಿತಿಮೀರಿದ ಭಾರದಿಂದ ಬ್ರೇಕ್ ಕಾದು ವಿಫಲವಾಗುವ ಅಪಾಯವಿದೆ. ಇಳಿಯುವಾಗ ಕೆಳಗಿನ ಗೇರನ್ನು ಬಳಸತಕ್ಕದ್ದು. ಮಿತಿಮೀರಿದ ಭಾರ ಸಾಗಣೆಯು ಮೋಟಾರು ವಾಹನಗಳ ಅಧಿನಿಯಮ, 1988ರ 194ನೇ ಪ್ರಕರಣದನ್ವಯ ದಂಡನೀಯವಾಗಿದೆ.

4. ಅರ್ಜಿದಾರರಿಗೆ ಸೂಚನೆ

ಅರ್ಜಿಯಲ್ಲಿನ ವಿವರಗಳು ನಮೂನೆ-21ರ ಮಾರಾಟ ಪ್ರಮಾಣಪತ್ರಕ್ಕೆ ತಾಳೆಯಾಗಬೇಕು. ಅಂಕಿಯ ಜೊತೆಗೆ ಮಾನವನ್ನೂ ಸ್ಪಷ್ಟವಾಗಿ ಬರೆಯುವುದು. ವ್ಯತ್ಯಾಸ ಕಂಡುಬಂದಲ್ಲಿ ಅರ್ಜಿ ಸಲ್ಲಿಸುವ ಮೊದಲೇ ಮಾರಾಟಗಾರರಿಂದ ಸರಿಪಡಿಸಿಕೊಳ್ಳುವುದು. ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ಸಾರಿಗೆ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.