ಕೃಷ್ಣಾ ನಡುಗಡ್ಡೆಗಳ ಪ್ರವಾಸ: ಮುದಗಲ್‌ನಿಂದ ಕುರುವಪುರದವರೆಗೆ

ರಾಯಚೂರು ಜಿಲ್ಲೆಯ ಉತ್ತರದ ಅಂಚಿನಲ್ಲಿ ಕೃಷ್ಣಾ ನದಿ ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ. ಬಂಡೆಗಳ ನಡುವೆ ಕವಲೊಡೆದು, ಮತ್ತೆ ಕೂಡಿ, ಹಲವು ನಡುಗಡ್ಡೆಗಳನ್ನು ಬಳಸಿಕೊಂಡು ಸಾಗುತ್ತದೆ. ಊರಿನವರು ಇವನ್ನು ಗಡ್ಡಿ ಎನ್ನುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗ, ಕರಕಲಗಡ್ಡಿ, ಮಾದರಗಡ್ಡಿ, ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ, ನಾರದಗಡ್ಡೆ, ಕುರುವಪುರ ಇವುಗಳಲ್ಲಿ ಹೆಸರಾದವು. ಕೆಲವಕ್ಕೆ ಸೇತುವೆಯಿದೆ, ಕೆಲವಕ್ಕೆ ಇಂದಿಗೂ ತೆಪ್ಪ ಅಥವಾ ಬೋಟೇ ದಾರಿ. ಲಿಂಗಸುಗೂರಿನ ನೈರುತ್ಯಕ್ಕಿರುವ ಕೋಟೆಯೂರು ಮುದಗಲ್‌ನಿಂದ ಹೊರಟು ಎರಡು ಮೂರು ದಿನಗಳಲ್ಲಿ ಇವುಗಳಲ್ಲಿ ಕೆಲವನ್ನು ನೋಡಿ ಬರಬಹುದು.

ನಡುಗಡ್ಡೆಯಿಂದ ನಡುಗಡ್ಡೆಗೆ ನೀರಿನ ಮೇಲೆ ಸಾಗುವ ರಜೆಯೆಂದರೆ ಜಗತ್ತಿಗೆ ಮೊದಲು ನೆನಪಾಗುವುದು ಗ್ರೀಸ್. ಅಲ್ಲಿ ಹಾಯಿದೋಣಿಯನ್ನು ವಾರದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಪರವಾನಗಿ ಇದ್ದವರು ತಾವೇ ನಡೆಸುತ್ತಾರೆ, ಇಲ್ಲದವರು ನಾವಿಕನನ್ನು ಜೊತೆಗೆ ಕರೆದೊಯ್ಯುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿಗೆ ಹೆದರಿ, ಮೊದಲ ಸಲ ಹೋಗುವವರು ಪಶ್ಚಿಮದ ಶಾಂತವಾದ ಅಯೋನಿಯನ್ ದ್ವೀಪಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಕೃಷ್ಣೆಯಲ್ಲಿ ಪರವಾನಗಿಯ ಮಾತೂ ಇಲ್ಲ, ವಾರದ ಬಾಡಿಗೆಯೂ ಇಲ್ಲ. ಆದರೆ ಪ್ರಯಾಣದ ದಿನವನ್ನು ಪ್ರಯಾಣಿಕ ಒಬ್ಬನೇ ಗೊತ್ತುಮಾಡಲಾರ ಎಂಬುದು ಎರಡೂ ಕಡೆಗೆ ಸಮಾನ. ಅಲ್ಲಿ ಗಾಳಿ ಗೊತ್ತುಮಾಡುತ್ತದೆ, ಇಲ್ಲಿ ನಾರಾಯಣಪುರದ ಗೇಟು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುದಗಲ್, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆ. ಇಲ್ಲಿನ ಆಕಾಶ ನೋಡಿ ಹೊಳೆಯ ಲೆಕ್ಕ ಹಾಕುವವನು ಮೋಸಹೋಗುತ್ತಾನೆ. ಕೃಷ್ಣೆಗೆ ನೀರು ಬರುವುದು ಮಹಾಬಲೇಶ್ವರ, ಕೊಯ್ನಾ ಕಡೆಯ ಪಶ್ಚಿಮಘಟ್ಟದಿಂದ. ಆ ನೀರು ಮೊದಲು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೆಳಗೆ, ಜಲದುರ್ಗಕ್ಕಿಂತ ಮೇಲೆ, ನಾರಾಯಣಪುರದ ಬಸವಸಾಗರವಿದೆ. 1982ರಲ್ಲಿ ಮುಗಿದ ಈ ಅಣೆಕಟ್ಟಿಗೆ 30 ಗೇಟುಗಳು, ಉದ್ದ 10 ಕಿ.ಮೀ.ಗೂ ಹೆಚ್ಚು. ಆಲಮಟ್ಟಿ ಸುಮಾರು 123 ಟಿಎಂಸಿ ನೀರು ಹಿಡಿದರೆ ಬಸವಸಾಗರ ಹಿಡಿಯುವುದು ಸುಮಾರು 33 ಟಿಎಂಸಿ ಮಾತ್ರ. ಹಾಗಾಗಿ ಆಲಮಟ್ಟಿ ತುಂಬಿ ಮೇಲಿಂದ ನೀರು ಬಿಟ್ಟರೆ ಬಸವಸಾಗರ ಅದನ್ನು ಬಹಳ ಹೊತ್ತು ತಡೆದಿಟ್ಟುಕೊಳ್ಳಲಾರದು. ಬಂದದ್ದನ್ನು ಬಂದಂತೆ ಕೆಳಕ್ಕೆ ಕೊಡುತ್ತದೆ. ಮುದಗಲ್‌ನಲ್ಲಿ ಬಿಸಿಲು ಕಾಯುತ್ತಿರುವಾಗಲೇ, ಮೂವತ್ತು ನಲವತ್ತು ಕಿಲೋಮೀಟರ್ ಆಚೆಗೆ ನಡುಗಡ್ಡೆಯ ದಾರಿ ಮುಚ್ಚಿಹೋಗುವುದು ಹೀಗೆ.

ನೀರಿನ ಪ್ರಮಾಣವನ್ನು ಕ್ಯುಸೆಕ್‌ನಲ್ಲಿ ಹೇಳುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಲಕ್ಷ ಕ್ಯುಸೆಕ್ ಎಂದು ಪತ್ರಿಕೆಯಲ್ಲಿ ಓದಿದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಹೋಗುತ್ತಿದೆ ಎಂದು ತಿಳಿಯಬೇಕು. ಹೊರಹರಿವು ಲಕ್ಷ ಮೀರಿ ಏರತೊಡಗಿದ ದಿನಗಳಲ್ಲಿ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುವ ಸುದ್ದಿ ಹೆಚ್ಚುಕಡಿಮೆ ಪ್ರತಿ ಮಳೆಗಾಲವೂ ಬರುತ್ತದೆ. ಅದರೊಂದಿಗೆ ಹಂಚಿನಾಳ, ಯರಗೋಡಿ, ಯಳಗುಂದಿ, ಜಲದುರ್ಗದ ಕಡೆಯ ಸಂಪರ್ಕ ಕಡಿದುಹೋಗುತ್ತದೆ ಅಥವಾ ಬಹಳ ಸುತ್ತಿ ಬರಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯುಸೆಕ್ ದಾಟಿತ್ತು. ಪ್ರವಾಸದ ಯೋಜನೆಯಲ್ಲಿ ಹವಾಮಾನ ವರದಿಗಿಂತ ಅಣೆಕಟ್ಟಿನ ದಿನದ ಹೊರಹರಿವನ್ನು ಮೊದಲು ನೋಡಬೇಕು ಎನ್ನುವುದು ಇದಕ್ಕೇ. ದಂಡೆಯ ಹಳ್ಳಿಗಳಲ್ಲಿ ಬೆಳಗಿನ ಮೊದಲ ಪ್ರಶ್ನೆಯೂ ಅದೇ: ಮ್ಯಾಲಿಂದ ನೀರು ಬಿಟ್ಟಾರೇನು?

ಜುಲೈಯಿಂದ ಅಕ್ಟೋಬರ್‌ವರೆಗೆ ನಡುಗಡ್ಡೆಗಳ ಆಸೆ ಬಿಡುವುದು ಒಳ್ಳೆಯದು. 2009ರ ದೊಡ್ಡ ಪ್ರವಾಹ ಬಂದದ್ದು ಮಳೆಗಾಲ ಮುಗಿಯಿತು ಎಂದುಕೊಂಡಿದ್ದ ಅಕ್ಟೋಬರ್ ಆರಂಭದಲ್ಲಿ. ನವೆಂಬರ್‌ನಿಂದ ಫೆಬ್ರವರಿ ತಕ್ಕ ಕಾಲ. ನೀರು ಇಳಿದಿರುತ್ತದೆ, ಬಂಡೆ ತಂಪಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಲವು ಕಡೆ ಹೊಳೆ ಬತ್ತಿ, ನಡುಗಡ್ಡೆಗೆ ನಡೆದೇ ಹೋಗಬಹುದಾದರೂ ಅದನ್ನು ಜಲಪ್ರವಾಸ ಎನ್ನುವುದು ಕಷ್ಟ.

ಮುದಗಲ್‌ನಿಂದ ಆರಂಭಿಸುವುದಕ್ಕೆ ಚರಿತ್ರೆಯ ಕಾರಣವಿದೆ. ಕೃಷ್ಣೆ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್‌ಗಾಗಿ ಬಹಮನಿ, ಆಮೇಲೆ ಬಿಜಾಪುರದ ಸುಲ್ತಾನರೂ ವಿಜಯನಗರದ ಅರಸರೂ ಎರಡು ಶತಮಾನ ಹೊಡೆದಾಡಿದಾಗ ರಾಯಚೂರಿನಂತೆಯೇ ಮುದಗಲ್ ಕೂಡ ಕೈಯಿಂದ ಕೈಗೆ ದಾಟಿದ ಕೋಟೆ. ಹೊರಗೋಡೆಯ ಸುತ್ತ ನೀರು ತುಂಬಿದ ಅಗಲವಾದ ಕಂದಕ ಇಂದಿಗೂ ಇದೆ. ಮೊಹರಂ ದಿನಗಳಲ್ಲಿ ಇಲ್ಲಿನ ಹುಸೇನಿ ಆಲಂ ದರ್ಶನಕ್ಕೆ ಹಿಂದೂ, ಮುಸ್ಲಿಂ ಎನ್ನದೆ ಸುತ್ತಲಿನ ಜಿಲ್ಲೆಗಳ ಜನ ಸೇರುತ್ತಾರೆ. ಆಗ ಊರಿನಲ್ಲಿ ತಂಗಲು ಜಾಗ ಸಿಗುವುದು ದುರ್ಲಭ. ಚಾಂದ್ರಮಾನದ ಹಬ್ಬವಾದ್ದರಿಂದ ತಾರೀಖು ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಜಾತ್ರೆ ನೋಡಬೇಕೆನ್ನುವವರೂ ಜನಸಂದಣಿ ಬೇಡವೆನ್ನುವವರೂ ಕ್ಯಾಲೆಂಡರ್ ನೋಡಿಯೇ ಹೊರಡಬೇಕು.

ಕೃಷ್ಣೆಯನ್ನು ದಾಟುವುದು ಸೈನ್ಯಗಳಿಗೂ ಸುಲಭವಾಗಿರಲಿಲ್ಲ. 1520ರ ರಾಯಚೂರು ಯುದ್ಧದ ಬಗ್ಗೆ ಬರೆದ ಚರಿತ್ರೆಕಾರ ಫೆರಿಷ್ತಾನ ಪ್ರಕಾರ, ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ಮದ್ಯದ ಅಮಲಿನಲ್ಲಿ ಆನೆಯ ಮೇಲೇರಿ ಕೃಷ್ಣೆಗೆ ಇಳಿದುಬಿಟ್ಟ. ಸಾಕಷ್ಟು ತೆಪ್ಪಗಳು ಸಿದ್ಧವಾಗುವ ತನಕ ಕಾಯಬೇಕೆಂಬ ವಿವೇಕವನ್ನು ತೋರಲಿಲ್ಲ. ಕೃಷ್ಣದೇವರಾಯನ ಎದುರು ಸೋತು ಹಿಂದಿರುಗುವಾಗ ಅವನ ಜನರಲ್ಲಿ ಬಹಳ ಮಂದಿ ಹೊಳೆಯ ಪಾಲಾದರು. ಪೋರ್ಚುಗೀಸ್ ನ್ಯೂನಿಜ್ ಕೂಡ ನದಿಯಲ್ಲಿ ಸತ್ತವರ ಮಾತೆತ್ತುತ್ತಾನೆ. ಅಮಲಿನ ಕಥೆಯಲ್ಲಿ ಚರಿತ್ರೆಕಾರನ ಬಣ್ಣ ಎಷ್ಟಿದೆಯೋ, ಆದರೆ ತೆಪ್ಪ ಸಾಲದೆ ಹೊಳೆಗಿಳಿದರೆ ಏನಾಗುತ್ತದೆ ಎಂಬ ಭಾಗವನ್ನು ನಂಬಲು ಅಡ್ಡಿಯಿಲ್ಲ.

ಅದೇ ಕಾಲದ ಇನ್ನೊಬ್ಬ ಪೋರ್ಚುಗೀಸ್ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುವ ದುಂಡನೆಯ ಬುಟ್ಟಿದೋಣಿಗಳನ್ನು, ಅಂದರೆ ಹರಿಗೋಲುಗಳನ್ನು, ಕಂಡು ಬರೆದಿದ್ದಾನೆ. ಒಳಗೆ ಬಿದಿರು, ಹೊರಗೆ ತೊಗಲು, 15ರಿಂದ 20 ಜನ ಹಿಡಿಯುತ್ತವೆ, ಹುಟ್ಟು ಹಾಕಿದರೆ ಸದಾ ಸುತ್ತುತ್ತಲೇ ಹೋಗುತ್ತವೆ ಎನ್ನುತ್ತಾನೆ. ಐನೂರು ವರ್ಷಗಳಲ್ಲಿ ಬದಲಾಗಿರುವುದು ಹೊದಿಕೆ ಮಾತ್ರ. ಎಮ್ಮೆಯ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಹರಿಗೋಲಿಗೆ ಮುಂದು ಹಿಂದು ಇಲ್ಲ, ಅಡಿಯಲ್ಲಿ ನೀರು ಸೀಳುವ ಏಣು ಇಲ್ಲ. ಆದ್ದರಿಂದಲೇ ಅದು ಗೇಣುದ್ದದ ನೀರಿನಲ್ಲೂ ಬಂಡೆಗಳ ಮೇಲೆ ಜಾರಿ ಹೋಗಬಲ್ಲದು, ಆದ್ದರಿಂದಲೇ ಸೆಳವು ಹೆಚ್ಚಾದರೆ ಮಾತು ಕೇಳುವುದಿಲ್ಲ. ಅಂಬಿಗ ಎದುರು ದಂಡೆಗೆ ನೇರವಾಗಿ ಹೊರಡುವುದಿಲ್ಲ. ದಂಡೆಗುಂಟ ಮೇಲಕ್ಕೆ ಜಲ್ಲೆಯೂರಿ ಸಾಗಿ, ಅಲ್ಲಿಂದ ಓರೆಯಾಗಿ ಹೊಳೆಗೆ ಬಿಟ್ಟು, ಸೆಳವು ತಾನಾಗಿ ಕೆಳಕ್ಕೆ ಒಯ್ಯುವುದನ್ನು ಲೆಕ್ಕ ಹಿಡಿದು ಇಳಿಯುವ ಜಾಗಕ್ಕೆ ಮುಟ್ಟಿಸುತ್ತಾನೆ. ಹೊಸಬರಿಗೆ ಇದು ದಾರಿ ತಪ್ಪಿದಂತೆ ಕಂಡು, ನೆಟ್ಟಗೆ ಹೋಗು ಎಂದು ಸಲಹೆ ಕೊಡುವುದುಂಟು. ಕೊಡಬಾರದು.

ಜಲದುರ್ಗ ಈ ಪ್ರವಾಸದ ಮುಖ್ಯ ತಾಣ. ಲಿಂಗಸುಗೂರಿನಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ, ಕೃಷ್ಣೆಯ ಎರಡು ಕವಲುಗಳ ನಡುವಿನ ಗುಡ್ಡದ ಮೇಲೆ ಆದಿಲ್ ಶಾಹಿ ಕಾಲದ ಕೋಟೆಯಿದೆ. ಕೋಟೆಯ ನೆತ್ತಿಯಿಂದ ಕೆಳಗೆ ನೋಡಿದರೆ ಹೊಳೆ ಕಡಿದಾದ ಬಂಡೆಯ ಬುಡದಲ್ಲಿ ಹರಿಯುತ್ತದೆ. ಶಿಕ್ಷೆಯಾದವರನ್ನು ಇಲ್ಲಿಂದ ಮಡುವಿಗೆ ನೂಕುತ್ತಿದ್ದರೆಂದು ಊರಿನವರು ಹೇಳುತ್ತಾರೆ. ಈ ಭಾಗದಲ್ಲಿ ಕೃಷ್ಣೆ ದಖನ್ನಿನ ಎತ್ತರದಿಂದ ಸುರಪುರ, ರಾಯಚೂರಿನ ಬಯಲಿಗೆ ಇಳಿಯುತ್ತದೆ. ಸುಮಾರು 3 ಮೈಲಿಯಲ್ಲಿ 408 ಅಡಿ ಇಳಿತವೆಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ದಾಖಲಿಸಿದೆ. ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್ ಈ ಕಣಿವೆಗೆ ಮನಸೋತವನು. ಚಾಂದ್‌ಬೀಬಿಯ ಕಾಲವನ್ನು ಕುರಿತು ಅವನು ಬರೆದು 1878ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಜಲದುರ್ಗವೂ ಬರುತ್ತದೆ. ಇಷ್ಟು ಇಳಿಜಾರಿನ ಹೊಳೆಯಲ್ಲಿ ಜಲದುರ್ಗದಿಂದ ಕೆಳಗಿನ ನಡುಗಡ್ಡೆಗಳಿಗೆ ದೋಣಿಯಲ್ಲೇ ತೇಲಿ ಹೋಗುವ ಯೋಚನೆ ಯಾರೂ ಮಾಡಬಾರದು. ಪ್ರತಿ ಗಡ್ಡಿಗೂ ಅದರದೇ ದಂಡೆಗೆ ರಸ್ತೆಯಲ್ಲಿ ಹೋಗಿ, ಅಲ್ಲಿಂದ ದಾಟಿ, ಮರಳಿ ಬರಬೇಕು. ಗ್ರೀಸಿನ ಮಾದರಿ ಇಲ್ಲಿ ಪೂರಾ ಮುರಿದುಬೀಳುವುದು ಈ ವಿಷಯದಲ್ಲಿ.

ಜಲದುರ್ಗದ ಜೊತೆಗೆ ನಾರಾಯಣಪುರ ಅಣೆಕಟ್ಟು, ಅದರ ಕೆಳಗೆ ಹೊಳೆಯಂಚಿನಲ್ಲಿರುವ ಛಾಯಾಭಗವತಿ ದೇವಸ್ಥಾನ, ಲಿಂಗಸುಗೂರು ಸುರಪುರ ಹೆದ್ದಾರಿ ಕೃಷ್ಣೆಯನ್ನು ದಾಟುವಲ್ಲಿನ ತಿಂಥಣಿ ಮೌನೇಶ್ವರ ಇವನ್ನು ನೋಡಬಹುದು. ಹೊಳೆಗಿಳಿಯುವ ಮೊದಲು ಗೇಟುಗಳನ್ನು ಕಣ್ಣಾರೆ ನೋಡಿದವರಿಗೆ ಮುಂದಿನ ಎಚ್ಚರಿಕೆಗಳನ್ನು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಕರಕಲಗಡ್ಡಿ, ಮಾದರಗಡ್ಡಿಯಂಥ ಸಣ್ಣ ಗಡ್ಡಿಗಳು ಪ್ರವಾಸಿ ತಾಣಗಳಲ್ಲ. ಬೆರಳೆಣಿಕೆಯ ಕುಟುಂಬಗಳು ಅಲ್ಲಿ ಬೇಸಾಯ ಮಾಡಿಕೊಂಡು, ಕುರಿ ಸಾಕಿಕೊಂಡು ಇವೆ. ಪ್ರವಾಹದ ಮುನ್ಸೂಚನೆ ಬಂದಾಗಲೆಲ್ಲ ತಾಲ್ಲೂಕು ಆಡಳಿತ ಇವರನ್ನು ಹೊರಗೆ ಬರುವಂತೆ ಒತ್ತಾಯಿಸುತ್ತದೆ, ದನಕರು ಬಿಟ್ಟು ಬರಲಾರೆವೆಂದು ಇವರು ಹೇಳುತ್ತಾರೆ. ಶಾಶ್ವತ ಪುನರ್ವಸತಿಯ ಮಾತು ಹಳೆಯದು. ಇಂಥಲ್ಲಿಗೆ ಕರೆದವರಿದ್ದರೆ ಹೋಗಬೇಕು, ಕ್ಯಾಮೆರಾ ಹಿಡಿದು ಸುಮ್ಮನೆ ಇಳಿಯುವುದು ಸರಿಯಲ್ಲ.

ಕೆಳಗಿನ ಗುಂಪು, ರಾಯಚೂರು ತಾಲ್ಲೂಕಿನದು, ಬೇರೆ ಸ್ವಭಾವದ್ದು. ಇಲ್ಲಿ ನದಿ ಅಗಲ, ಇಳಿಜಾರು ಕಡಿಮೆ. ಕುರುವಪುರ ದತ್ತ ಸಂಪ್ರದಾಯದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಮರಾಠಿಯ ಗುರುಚರಿತ್ರೆ ಓದುವ ಮನೆಗಳಿಂದ ಮಹಾರಾಷ್ಟ್ರದ ಯಾತ್ರಿಕರು ವರ್ಷವಿಡೀ ಬರುತ್ತಾರೆ. ಕರ್ನಾಟಕದ ಕಡೆಯಿಂದ ಆತ್ಕೂರಿಗೆ ಬಂದು ಹೊಳೆ ದಾಟಬೇಕು. ತೆಲಂಗಾಣದ ಕಡೆಯಿಂದ ಪಂಚದೇವಪಹಾಡ್ ದಂಡೆ. ಹತ್ತಿರದ ನಾರದಗಡ್ಡೆಯಲ್ಲಿ ಚನ್ನಬಸವೇಶ್ವರನ ದೇವಸ್ಥಾನವಿದೆ. ಮೊದಲ ಸಲ ಹೊರಟವರಿಗೆ, ಮಕ್ಕಳು ಹಿರಿಯರು ಜೊತೆಗಿರುವವರಿಗೆ, ಈ ಭಾಗವೇ ತಕ್ಕದ್ದು. ಯಾತ್ರಿಕರ ಓಡಾಟ ಇರುವುದರಿಂದ ದೋಣಿ ಹುಡುಕುವ ಕಷ್ಟವಿಲ್ಲ.

ಆದರೆ ಇಲ್ಲಿ ಲೆಕ್ಕ ಇಡಬೇಕಾದ ನದಿ ಒಂದಲ್ಲ, ಎರಡು. ಕುರುವಪುರಕ್ಕಿಂತ ಮೇಲೆಯೇ ಭೀಮಾ ನದಿ ಕೃಷ್ಣೆಯನ್ನು ಸೇರುತ್ತದೆ. ನಾರಾಯಣಪುರದ ಗೇಟು ಮುಚ್ಚಿದ್ದರೂ ಭೀಮೆ ತುಂಬಿ ಬಂದರೆ ಇಲ್ಲಿ ಹೊಳೆ ಏರುತ್ತದೆ. ಕೆಳಗೆ ತೆಲಂಗಾಣದ ಜುರಾಲಾ ಜಲಾಶಯವಿದೆ. ಕುರ್ವಕಲಾ, ಕುರ್ವಕುರ್ದಾಗಳಿಗೆ ಸೇತುವೆಯ ಕೆಲಸ ಆರಂಭವಾಗಿ ವರ್ಷಗಟ್ಟಲೆ ಅರ್ಧಕ್ಕೆ ನಿಂತದ್ದರಿಂದ ಅಲ್ಲಿನ ರೈತರು, ಶಾಲಾ ಮಕ್ಕಳು, ಬಸುರಿಯರು ಹರಿಗೋಲನ್ನೇ ನಂಬಿ ಬದುಕಿದ್ದಾರೆ. 2020ರ ಆಗಸ್ಟ್‌ನಲ್ಲಿ ಕುರ್ವಕುರ್ದಾ, ಪಂಚದೇವಪಹಾಡ್ ನಡುವೆ 13 ಜನರನ್ನು ಹೊತ್ತು ಹೊರಟಿದ್ದ ಹರಿಗೋಲು ಮಗುಚಿ ನಾಲ್ವರು ಕೊಚ್ಚಿಹೋದರು. ಪ್ರವಾಹದ ದಿನಗಳಲ್ಲಿ ಜಿಲ್ಲಾಡಳಿತ ಹರಿಗೋಲು ಸಂಚಾರವನ್ನು ನಿಷೇಧಿಸುತ್ತದೆ. ಹೆಚ್ಚು ಹಣ ಕೊಟ್ಟು ಅಂಬಿಗನನ್ನು ಒಪ್ಪಿಸುವ ಪ್ರವಾಸಿಯನ್ನು ತಪ್ಪಿತಸ್ಥನೆಂದೇ ಎಣಿಸಬೇಕು.

ದೋಣಿ ಹಿಡಿಯುವ ಕ್ರಮ ಸರಳ. ಆಗಲೇ ಹೊಳೆ ದಾಟುತ್ತಿರುವ ಅಂಬಿಗನನ್ನೇ ಕೇಳಬೇಕು. ಹೋಗುವ ಬಾಡಿಗೆಯೊಂದನ್ನೇ ಅಲ್ಲ, ಕಾಯುವ ಹೊತ್ತು, ಮರಳುವ ಬಾಡಿಗೆ ಎಲ್ಲವನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಲೈಫ್ ಜಾಕೆಟ್ ದಂಡೆಯಲ್ಲಿ ಸಿಗುತ್ತದೆಂದು ನಂಬದೆ ತಲೆಗೊಂದರಂತೆ ತಂದುಕೊಳ್ಳುವುದು ಲೇಸು. ಹರಿಗೋಲಿನಲ್ಲಿ ಎಲ್ಲರೂ ಅಂಚಿಗೆ ಬೆನ್ನು ಕೊಟ್ಟು ಸುತ್ತಲೂ ಸಮನಾಗಿ ಕೂರಬೇಕು, ಫೋಟೋಗಾಗಿ ಒಂದೇ ಕಡೆಗೆ ಏಳಬಾರದು. ಬೆಳಗ್ಗೆ ಶಾಲೆಯ ಹೊತ್ತಿನಲ್ಲಿ, ಸುಗ್ಗಿಯಲ್ಲಿ ಚೀಲಗಳು ದಾಟುವ ಹೊತ್ತಿನಲ್ಲಿ ದೋಣಿಯನ್ನು ತಮಗೊಬ್ಬರಿಗೇ ಹಿಡಿಯುವುದು ಊರಿಗೆ ಮಾಡುವ ಅನ್ಯಾಯ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಮಡುಗಳಲ್ಲಿ ಈಜುವುದು, ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಡ.

ಒಂದು ದಿನವನ್ನು ಕೈಯಲ್ಲಿ ಉಳಿಸಿಕೊಂಡೇ ಹೊರಡಬೇಕು. ಹೊಳೆ ಬಂದು ದಾರಿ ಕಟ್ಟಿದರೆ ಆ ದಿನಕ್ಕೆ ನೆಲದ ಮೇಲೆ ಬೇಕಾದಷ್ಟಿದೆ. ಮುದಗಲ್ ಹತ್ತಿರದ ಪಿಕ್ಲಿಹಾಳದ ಬೆಟ್ಟಗಳಲ್ಲಿ ಎಫ್. ಆರ್. ಆಲ್ಚಿನ್ 1950ರ ದಶಕದಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ದನಗಾಹಿಗಳ ನೆಲೆಯನ್ನು ಬೆಳಕಿಗೆ ತಂದರು. ಬಂಡೆಗಳ ಮೇಲೆ ಆ ದನಗಾಹಿಗಳ ಕಾಲದ ಗೂಳಿಗಳ ಚಿತ್ರಗಳಿವೆ. ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಶಾಸನದಲ್ಲಿ ದೇವಾನಾಂಪ್ರಿಯನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದುದರಿಂದ, ದೇಶದ ಉದ್ದಗಲಕ್ಕೂ ಇದ್ದ ಶಾಸನಗಳ ಒಡೆಯ ಯಾರೆಂಬ ಸಂದೇಹ ತೀರಿತು.

ತಂಗಲು ಲಿಂಗಸುಗೂರು ಮತ್ತು ರಾಯಚೂರು ಅನುಕೂಲ. ಮುಂಬಯಿ ಚೆನ್ನೈ ರೈಲು ಮಾರ್ಗದ ರಾಯಚೂರಿನಲ್ಲಿ ಇಳಿದು, ಮೊದಲು ಕುರುವಪುರ ನೋಡಿಕೊಂಡು, ಆಮೇಲೆ ಲಿಂಗಸುಗೂರು, ಜಲದುರ್ಗ, ಮುದಗಲ್ ಎಂದು ಮೇಲಕ್ಕೆ ಬರುವುದೂ ಒಂದು ಕ್ರಮ. ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವವರು ಸಿಂಧನೂರು, ಮಸ್ಕಿ ದಾಟಿ ಲಿಂಗಸುಗೂರು ಸೇರುತ್ತಾರೆ, ಅವರಿಗೆ ಮೇಲಿನಿಂದ ಕೆಳಕ್ಕೆ ಹೋಗುವುದು ಹತ್ತಿರ. ಯಾವ ದಿಕ್ಕಿನಿಂದ ಬಂದರೂ ಕುರುವಪುರದಿಂದ ಹೊತ್ತು ಮುಳುಗುವ ಮೊದಲೇ ಆತ್ಕೂರಿನ ದಂಡೆಗೆ ಮರಳಬೇಕು. ಕತ್ತಲಾದ ಮೇಲೆ ಅಂಬಿಗರು ಹೊಳೆಗೆ ಇಳಿಯಲು ಒಪ್ಪುವುದಿಲ್ಲ.