ಹಳೀ ಪೇಟಿ ತಗೊಳ್ಳೋ ಮುಂದ

ಅಕ್ಕದೇರೆ, ತಂಗೇರೆ, ಈ ಸಲ ಅಡಗಿ ಮಾತು ಬ್ಯಾಡ. ನಮ್ಮ ಮನಿಗಿ ಒಂದು ಹಳೀ ಪೇಟಿ ಬಂದದ. ಪೇಟಿ ಅಂದ್ರ ಹಾರ್ಮೋನಿಯಂ. ಅದು ನಮ್ಮ ಮನಿಗಿ ಹ್ಯಾಂಗ ಬಂತು, ಅದಕ್ಕೂ ಮೊದಲ ನಮ್ಮ ದೇಶಕ್ಕ ಹ್ಯಾಂಗ ಬಂದಿತ್ತು, ಎರಡೂ ಹೇಳ್ತೀನಿ. ಹಾಡ ಕಲೀಬೇಕನ್ನೋ ಕೂಸು ನಿಮ್ಮ ಮನ್ಯಾಗೂ ಇದ್ರ ಉಪಯೋಗ ಆಗ್ತದ.

ನನ್ನ ಮಗನ ಮಗಳಿಗಿ ಈಗ ಒಂಬತ್ತು ವರ್ಷ. ಮೊಬೈಲದಾಗ ಯಾರೋ ಪಿಯಾನೊ ಬಾರಿಸೋದು ನೋಡಿ, "ಆಯಿ, ನನಗೂ ಅದೇ ಬೇಕು" ಅಂತ ಹಟ ಹಿಡದಳು. ಭಾಲ್ಕಿದಾಗ ಹಾಡ ಕಲಸೋ ಮಾಸ್ತರಿಗಿ ಕೇಳಿದೆವು. ಅವರು ನಕ್ಕರು. "ಪಿಯಾನೊಕ್ಕ 88 ಪಟ್ಟಿ ಇರ್ತಾವ. ಒಳಗ ತಂತಿ, ತಂತಿಗಿ ಹೊಡಿಯೋ ಸಣ್ಣ ಸುತ್ತಿಗಿ. ನಾಕು ಮಂದಿ ಎತ್ತಿದ್ರೂ ಏಳಂಗಿಲ್ಲ. ನೀವು ಪೇಟಿ ತರ್ರಿ ಅಮ್ಮಾ. ಬಿಳಿ ಪಟ್ಟಿ, ಕರಿ ಪಟ್ಟಿ ಸಾಲು ಎರಡರಾಗೂ ಒಂದೇ. ಇಲ್ಲಿ ಬೆರಳು ಕೂತುರ ಮುಂದ ಅಲ್ಲೂ ಕೂಡ್ತಾವ" ಅಂದರು.

ಅಂಗಡ್ಯಾಗ ಹೊಸಾದಕ್ಕ 18 ಸಾವಿರ ಹೇಳಿದರು. ನನ್ನ ಹತ್ರ ಹಾಲಿನ ರೊಕ್ಕ ಕೂಡಿಟ್ಟಿದ್ದು 8 ಸಾವಿರ. "ತೊಗರಿ ಮಾರಿದ ಮ್ಯಾಲ ನೋಡಾಮ್" ಅಂದ ಮಗ. ನಾ ಒಪ್ಪಲಿಲ್ಲ. ಯಾಕಂದ್ರ ಆ "ಮುಂದ ನೋಡಾಮ್" ಅನ್ನೋ ಮಾತು ನಾನೂ ಕೇಳೀನಿ. ನಮ್ಮ ತವರ ಮನ್ಯಾಗ ಸೋಮವಾರಕ್ಕೊಮ್ಮಿ ಭಜನಿ ಇರ್ತಿತ್ತು. ನಮ್ಮ ಅಣ್ಣಗ ಪೇಟಿ ಕಲಸಿದರು. ನಾ ಚಾ ಕೊಡಲಿಕ್ಕಿ ಹೋಗಿ ಬಾಗಲದಾಗ ನಿಂತು ಕೇಳ್ತಿದ್ದೆ. ನನಗೂ ಕಲಸ್ರಿ ಅಂದ್ರ, "ಹೆಣ್ಣಮಕ್ಕಳು ಪೇಟಿ ಹಿಡದ್ರ ಮಂದಿ ಏನಂದಾರು, ಮುಂದ ನೋಡಾಮ್" ಅಂದರು. ಪಿಯುಸಿ ಮುಗೀತು, ಲಗ್ನ ಆಯ್ತು. ಆ ಮುಂದ ಅನ್ನೋದು ಬರಲೇ ಇಲ್ಲ.

ಆದ್ರ ಪೇಟಿ ನಮ್ಮದೇ ಅಂತ ಅಂದ್ಕೊಂಡೀವಲ್ಲ, ಅದು ಹುಟ್ಟಿದ್ದು ನಮ್ಮ ದೇಶದಾಗ ಅಲ್ಲ. 1840ರ ಆಸುಪಾಸು ಫ್ರಾನ್ಸಿನ ಪ್ಯಾರಿಸ್‌ದಾಗ ಅಲೆಕ್ಸಾಂಡ್ರ್ ದೆಬೆಂ ಅನ್ನೋರು ಹಾರ್ಮೋನಿಯಂ ಅಂತ ಹೆಸರಿಟ್ಟು ಅದರ ಹಕ್ಕು ಪಡದರು. ಅದು ಕುರ್ಚಿ ಮ್ಯಾಲ ಕುಂತು ಬಾರಿಸೋದು. ಕೆಳಗ ಎರಡೂ ಕಾಲಲೆ ಒತ್ತಿ ಗಾಳಿ ಹಾಕ್ಬೇಕು. ಪಾದ್ರಿಗಳು ಅದನ್ನ ಚರ್ಚಿನ ಹಾಡಿಗಂತ ಹಡಗದಾಗ ತಂದರು. ಪಿಯಾನೊದ ತಂತಿ ನಮ್ಮ ಬಿಸಲಿಗಿ, ಮಳಿ ಥಂಡಿಗಿ ಸಡಲ್ತಾವ. ಪೇಟಿಯ ಹಿತ್ತಾಳಿ ನಾಲಿಗಿ ಅಷ್ಟು ಲಗೂನ ಕೆಡಂಗಿಲ್ಲ.

ನಮ್ಮ ಮಂದಿ ನೆಲಕ್ಕ ಕುಂತು ಹಾಡೋರು. ಕೋಲ್ಕತಾದ ದ್ವಾರಕಾನಾಥ ಘೋಷ್ ಅನ್ನೋರು 1875ರಾಗ ಡ್ವಾರ್ಕಿನ್ ಅನ್ನೋ ವಾದ್ಯದ ಅಂಗಡಿ ಹಾಕಿದ್ದರು. ಅವರು ಆ ಕಾಲು ಪೇಟಿ ಸಣ್ಣದು ಮಾಡಿ, ತಿದಿ ಹಿಂದಕ್ಕ ಕೂಡಿಸಿ, ಕೈಯಿಂದ ಗಾಳಿ ಹಾಕೋ ಹಂಗ ಮಾಡಿದರು. ಒಂದು ಕೈ ತಿದಿಗಿ, ಒಂದು ಕೈ ಪಟ್ಟಿಗಿ. ಚಾಪಿ ಮ್ಯಾಲ ಕುಂತ ಭಜನಿ ಮಂದಿಗಿ ಇನ್ನೇನು ಬೇಕು?

ಮರಾಠಿ ನಾಟಕದಾಗ ಗೋವಿಂದರಾವ್ ಟೆಂಬೆ ಅವರ ಪೇಟಿ ಹೆಸರಾಯ್ತು. ನಮ್ಮ ಬೆಳಗಾವಿ ಕಡಿ ರಾಮಭಾವು ಬಿಜಾಪುರೆ (1917-2010) ಅವರು ಜನ್ಮ ಪೂರ್ತಿ ಇದಕ್ಕೇ ಕೊಟ್ಟರು. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಆಮ್ಯಾಲ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗಿ, ಬಡವರ ಮಕ್ಕಳಿಗಿ ಹಾಡು ಕಲಸಿದರು. ಆ ಇಬ್ಬರೂ ಗುರುಗಳಿಗಿ ಸ್ವತಃ ಕಣ್ಣಿರಲಿಲ್ಲ. ಅಲ್ಲಿ ಕಲತೋರು ಊರೂರಿಗಿ ಹೋಗಿ ಪುರಾಣ, ಜಾತ್ರಿಯೊಳಗ ಪೇಟಿ ಮುಂದ ಕುಂತರು.

ಇಷ್ಟಾದ್ರೂ ಪೇಟಿಗಿ ಮರ್ಯಾದಿ ಸಿಗಲಿಲ್ಲ ನೋಡ್ರಿ. 1940ರಾಗ ಆಕಾಶವಾಣಿದಾಗ ಪೇಟಿ ಬಂದ್ ಮಾಡಿದರು. ರವೀಂದ್ರನಾಥ ಠಾಕೂರರಿಗೂ ಅದು ಸೇರ್ತಿರಲಿಲ್ಲ. ಕಾರಣಾನೂ ಖರೆ ಇತ್ತು: ಪೇಟಿಯ ಹನ್ನೆರಡು ಸ್ವರ ಗೂಟಕ್ಕ ಕಟ್ಟಿದ ಎಮ್ಮಿ ಇದ್ದಂಗ, ಇದ್ದಲ್ಲೇ ಇರ್ತಾವ. ನಮ್ಮ ರಾಗದಾಗ ಒಂದು ಸ್ವರದಿಂದ ಇನ್ನೊಂದಕ್ಕ ಜಾರಬೇಕು. ಕೊರಳು ಜಾರ್ತದ, ಸಾರಂಗಿ ಜಾರ್ತದ, ಪೇಟಿ ಜಾರಂಗಿಲ್ಲ. 1971ರಾಗ ಆ ಬಂದಿ ಸ್ವಲ್ಪ ಸಡಲಿಸಿದರು. ಅಂದ್ರ ಮೂವತ್ತೊಂದು ವರ್ಷ ರೇಡಿಯೊದ ಬಾಗಲ ಹೊರಗ ನಿಂತಿತ್ತು. ಬಾಗಲದಾಗ ನಿಂತು ಕೇಳೋದೇನಂತ ನನಗ ಗೊತ್ತದ, ಅದಕ್ಕೇ ಅದರ ಮ್ಯಾಲ ನನಗ ಮಾಯಿ.

ನಮ್ಮ ಬೀದರ ಆಗ ನಿಜಾಮರ ಕೈಯಾಗಿತ್ತು. ಕನ್ನಡ ಸಾಲಿ ಸಿಗೋದೇ ಕಷ್ಟ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಸಿದ್ದು ನಿಮಗೆಲ್ಲಾ ಗೊತ್ತೇ ಅದ. ಸಾಲಿ ಮೆಟ್ಟಲ ಹತ್ತದ ನಮ್ಮಜ್ಜಿಗಿ ಎಷ್ಟೋ ವಚನ ಬಾಯಿಲೆ ಬರ್ತಿದ್ದವು. ಓದಿ ಅಲ್ಲ, ಭಜನಿ ಕೇಳಿ. ಹಂಗಾಗಿ ಆ ಪೇಟಿ ಬರೇ ಬಾಜಾ ಅಲ್ಲ, ನಮ್ಮ ಹೆಣ್ಣಮಕ್ಕಳಿಗಿ ಅದೂ ಒಂದು ಸಾಲಿನೇ ಇತ್ತು. ಕುಂಡ್ರಲಿಕ್ಕಿ ಜಾಗ ಮಾತ್ರ ಇರಲಿಲ್ಲ.

ಈಗ ಖರೀದಿ ಮಾತು. ಮೊದಲ ಒಂದು ಕಡಿ ನೋಡಲಿಕ್ಕಿ ಹೋದೆವು. ಪಾಲಿಷ್ ಹೆಂಗಿತ್ತಂದ್ರ ಮಾರಿ ಕಾಣ್ತಿತ್ತು. ನಾ ರೊಕ್ಕ ತಗದೇ ಬಿಟ್ಟಿದ್ದೆ. ಮಾಸ್ತರು "ನಿಂದರ್ರಿ" ಅಂತ ಮ್ಯಾಲಿನ ಹಲಗಿ ತಗಸಿದರು. ಒಳಗ ಇಲಿ ಹಿಕ್ಕಿ, ತೊಗಲು ಕಡದು ಚಿಂದಿ ಆಗಿತ್ತು. ಅವತ್ತು ಅವರು ಕಲಸಿದ್ದು ಬರೀತೀನಿ, ನೆನಪಿಡ್ರಿ:

ಒಂದು, ಪಟ್ಟಿ ಯಾವುದೂ ಮುಟ್ಟದೇ ತಿದಿ ಒತ್ತಬೇಕು. ಆವಾಗ ಸಪ್ಪಳ ಬರಬಾರದು. ಬಂದ್ರ ಯಾವುದೋ ಪಟ್ಟಿ ಕೆಳಗ ಸರಿ ಮುಚ್ಚಿಲ್ಲ ಅಂತ. ತಿದಿ ಸರ್ರಂತ ಕೂತು ಬಿಟ್ರ ಗಾಳಿ ಸೋರ್ತದ.

ಎರಡು, ಮುಂದಿನ ಗುಂಡಿ ಒಂದೊಂದೇ ಜಗ್ಗಿ, ಎಡಗಡಿಯಿಂದ ಬಲಗಡಿ ತನ ಎಲ್ಲಾ ಪಟ್ಟಿ ಒತ್ತಬೇಕು. ಹೆಚ್ಚಿನ ಪೇಟಿದಾಗ ಎರಡು ಸಾಲು ನಾಲಿಗಿ ಇರ್ತಾವ, ದಪ್ಪ ದನಿದು ಖರಜ, ಇನ್ನೊಂದು ನರ. ಕೂಡಿಸಿ ಬಾರಿಸಿದ್ರ ಒಂದರ ತಪ್ಪು ಇನ್ನೊಂದು ಮುಚ್ಚತದ. ಬ್ಯಾರೆ ಬ್ಯಾರೆ ಕೇಳ್ರಿ.

ಮೂರು, ಝರ್ರ್ ಅಂದ್ರ ನಾಲಿಗ್ಯಾಗ ಧೂಳ ಇರ್ತದ, ಒರಸಿದ್ರ ಹೋಗ್ತದ. ಸ್ವರ ಇಳದಿದ್ರ ನಾಲಿಗಿ ಸೀಳಿರಬಹುದು, ಅದು ಬದಲಿಸಬೇಕು. ನಾಲಿಗಿ ತುದಿ ಕೆರದ್ರ ಸ್ವರ ಏರ್ತದ, ಬುಡ ಕೆರದ್ರ ಇಳೀತದ. ಇದು ಬಲ್ಲೋರ ಕೆಲಸ, ನೀವು ಚಾಕು ಹಿಡೀಬ್ಯಾಡ್ರಿ.

ನಾಕು, ಪಟ್ಟಿ ಸಾಲು ಎಡಕ್ಕ ಬಲಕ್ಕ ಸರಿಯೋ ದುಬಾರಿ ಪೇಟಿ, ಸ್ಕೇಲ್ ಚೇಂಜರ್ ಅಂತಾರ, ಕಲಿಯೋ ಕೂಸಿಗಿ ಬೇಕಾಗಿಲ್ಲ. ಹಳೀದರಾಗ ಕೆಡೋದೂ ಅದೇ ಮೊದಲ.

ಆಮ್ಯಾಲ ನಮ್ಮೂರಿನ ಹತ್ರದ ಒಂದು ಹಳ್ಳ್ಯಾಗ ಭಜನಿ ಪೇಟಿ ಅದ ಅಂತ ಗೊತ್ತಾಯ್ತು. ಬಾರಿಸೋ ಹಿರೇರು ತೀರಿ ಎರಡು ವರ್ಷ ಆಗಿತ್ತು. ಅವರ ಮಗ 7 ಸಾವಿರ ಅಂದ. ತಿದಿ ಗಟ್ಟಿ ಇತ್ತು. ಕೆಳಗಿನ ಪಟ್ಟಿ ಎಲ್ಲಾ ಬಂಗಾರದಂಗ ನುಡದವು. ಮ್ಯಾಲಿನ ಆರೇಳು ಪಟ್ಟಿ ಮಾತ್ರ ಸತ್ತಂಗಿದ್ದವು. ಮಾಸ್ತರು ಹೇಳಿದರು: "ಗಂಡಸರ ಸಾ ಕಾಳಿ ಒಂದು, ಎರಡರ ಹತ್ರ ಇರ್ತದ. ಅವರಿಗಿ ಮ್ಯಾಲಿನ ಪಟ್ಟಿ ಬೇಕಾಗೇ ಇಲ್ಲ. ಹೆಣ್ಣಮಕ್ಕಳ ಸಾ ಕಾಳಿ ನಾಕು, ಐದು. ಈ ಕೂಸಿಗಿ ಅವೇ ಬೇಕು. ಧೂಳ ಅದ ಅಷ್ಟೇ, ನಾ ಸರಿ ಮಾಡ್ತೀನಿ." ಕೇಳಿದ್ರಿಲ್ಲ? ನಲವತ್ತು ವರ್ಷ ಬಾರಿಸಿದ ಪೇಟಿದಾಗ ಹೆಣ್ಣು ಕೊರಳಿನ ಪಟ್ಟಿಗಿ ಬೆರಳು ತಾಗಿರಲಿಲ್ಲ.

ಮಾತು ನಡದಾಗ ಆ ಹಿರೇರ ಹೆಂಡತಿ ಒಳಗಿಂದ ಬಂದು ಕುಂತರು. "ದಿನಾ ನಾನೇ ಒರಸಿ ಇಡ್ತಿದ್ದೆ, ಅರಬಿ ಹೊಚ್ಚತಿದ್ದೆ. ಒಂದಿನಾನೂ ಬಾರಿಸಿಲ್ಲ. ಒಮ್ಮಿ ಒತ್ತು ತಂಗಿ" ಅಂತ ನಮ್ಮ ಹುಡುಗಿಗಿ ಹೇಳಿದರು. ಹುಡುಗಿ ಸಾ ಒತ್ತಿ ಕೂಡ ದನಿ ಹಚ್ಚಿದಳು. ಆ ಅಮ್ಮ ಸೆರಗಿಲೆ ಕಣ್ಣು ಒರಸಿಕೊಂಡು ಮಗಗ, "ಐದೂವರಿಗಿ ಕೊಟ್ಟುಬಿಡು. ಇಲ್ಲಾಂದ್ರ ಇಲಿ ತಿಂತಾವ" ಅಂದರು. ನಾ ಅವರ ಕೈ ಹಿಡದು, "ನೀವೂ ಒಮ್ಮಿ ಒತ್ತ್ರಿ ಅಮ್ಮಾ" ಅಂದೆ. ಒತ್ತಿದರು. ನಕ್ಕರು.

5,500 ಪೇಟಿಗಿ, 1,200 ರಿಪೇರಿಗಿ. 8 ಸಾವಿರದಾಗ 1,300 ಉಳೀತು. ಪೇಟಿ ಗ್ವಾಡಿ ಬುಡಕ ಇಡಬ್ಯಾಡ್ರಿ, ಥಂಡಿ ಹಿಡೀತದ. ಮಣಿ ಮ್ಯಾಲ ಇಟ್ಟು ಅರಬಿ ಹೊಚ್ಚರಿ. ವಾರಗಟ್ಲೆ ಸುಮ್ಮ ಇಡಬ್ಯಾಡ್ರಿ, ಬಾರಿಸಿದಷ್ಟು ಚೊಲೊ ಇರ್ತದ.

ಈಗ ಸಂಜಿಮುಂದ ಹುಡುಗಿ ಕಲತದ್ದು ನನಗ ಕಲಸ್ತಾಳ. ನನ್ನ ಬೆರಳು ರೊಟ್ಟಿ ಬಡದು ಬಿರಸಾಗ್ಯಾವ, ಗ ಒತ್ತಲಿಕ್ಕಿ ಹೋದ್ರ ಮ ಒತ್ತತಾವ. "ಆಯಿ, ಮತ್ತೊಮ್ಮಿ" ಅಂತಾಳ. ನಾ ಮತ್ತೊಮ್ಮಿ ಒತ್ತತೀನಿ.

ನಿಮ್ಮ ಅಟ್ಟದ ಮ್ಯಾಲ ಅಜ್ಜನ ಕಾಲದ ಪೇಟಿ ಇದ್ರ ಕೆಳಗ ಇಳಸಿ ನೋಡ್ರಿ. ಮ್ಯಾಲಿನ ಪಟ್ಟಿ ಮರೀದೇ ಒತ್ತಿ ನೋಡ್ರಿ.